ಮೂರನೆಯ ತೂತು

ನಮ್ಮ ಪಕ್ಕದ ಮನೆಯ ಅಂಕಲ್ ಹೊಸ ಜಾಗಕ್ಕೆ ಕಾಲಿಡುವ ಮೊದಲು ಬಲಗಾಲಿನ ಹಿಮ್ಮಡಿಯಿಂದ ನೆಲವನ್ನೊಮ್ಮೆ ಕುಟ್ಟಿ, ಒಂದು ಗಳಿಗೆ ತಡೆದು, ಆಮೇಲೆ ಮೈಭಾರ ಹಾಕುತ್ತಿದ್ದರು. ನಮ್ಮ ಮನೆಯ ಹೊಸ್ತಿಲು, ಚರ್ಚಿನ ಮೆಟ್ಟಿಲು, ಶಾಪಿಂಗ್ ಸೆಂಟರಿನ ಹೊಳೆಯುವ ಟೈಲ್ಸು, ಯಾವುದಕ್ಕೂ ರಿಯಾಯಿತಿ ಇಲ್ಲ. ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿ ಬೇಸಿಗೆಯ ಕಾಂಕ್ರೀಟಿನ ಮೇಲೆ ದೋಸೆ ಹುಯ್ಯಬಹುದು. ಆ ಕಾಂಕ್ರೀಟನ್ನೂ ಅವರು ನಂಬುತ್ತಿರಲಿಲ್ಲ. “ಏನಂಕಲ್, ಆಸ್ಟ್ರೇಲಿಯಾ ಗಟ್ಟಿಯಾಗಿದ್ಯಾ?” ಎಂದು ನಾನು ರೇಗಿಸುತ್ತಿದ್ದೆ. “ಈಗ ಉಂಟು ಮಾರಾಯ್ತಿ, ಮುಂದಿನ ಹೆಜ್ಜೆಗೆ ಯಾರಿಗೆ ಗೊತ್ತು?” ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ನನಗೆ ಎಲ್ಲದಕ್ಕೂ ನಗುವ ಚಾಳಿ.

ನಾವು ಅಲ್ಲಿಗೆ ಹೋಗಿದ್ದು 2014ರಲ್ಲಿ. ನಾನು ಮೈಸೂರಿನವಳು, ಕ್ಲಿನಿಕ್ಕಿನಲ್ಲಿ ಡಾಕ್ಟರು. ಅಂಕಲ್ ಉಡುಪಿ ಕಡೆಯ ಕ್ರೈಸ್ತರು. ಇಪ್ಪತ್ತು ವರ್ಷ ಕುವೈತ್‌ನಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದರು, ಹೆಂಡತಿಯನ್ನು ಅಲ್ಲೇ ಕಳೆದುಕೊಂಡರು. ಆಮೇಲೆ ಕೆನಡಾದ ವಿನಿಪೆಗ್‌ನಲ್ಲಿ ತಂಗಿಯ ಮನೆಯಲ್ಲಿ ಕೆಲವು ವರ್ಷ ಇದ್ದು, ತಂಗಿಯ ಗಂಡ ತೀರಿಕೊಂಡ ಮೇಲೆ ಮಗನ ಜೊತೆ ಪರ್ತ್‌ಗೆ ಬಂದಿದ್ದರು. ತಂಗಿಯೂ ಮಗಳ ಹಿಂದೆ ಆಸ್ಟ್ರೇಲಿಯಾಕ್ಕೇ ಬಂದರು, ಆದರೆ ಅಡಿಲೇಡ್‌ಗೆ. ಅಣ್ಣ ತಂಗಿ ಒಂದೇ ದೇಶದಲ್ಲಿದ್ದೂ ಯಾಕಿಷ್ಟು ದೂರ ಎಂದು ನಾನು ಕೇಳಿರಲಿಲ್ಲ. ಮಗನಿಗೆ ಉತ್ತರದ ಗಣಿಯಲ್ಲಿ ಕೆಲಸ, ಎರಡು ವಾರ ಅಲ್ಲಿ, ಒಂದು ವಾರ ಇಲ್ಲಿ. ಅವನಿಲ್ಲದಾಗ ಅಂಕಲ್ ನಮ್ಮ ಮನೆಯವರೇ. ಮೀನು ಸಾರು ಮಾಡಿ ಬೇಲಿಯ ಮೇಲಿಂದ ಪಾತ್ರೆ ದಾಟಿಸುತ್ತಿದ್ದರು. “ನಿಮ್ಮ ಮೈಸೂರಿನವರಿಗೆ ಮೀನು ತಿನ್ಲಿಕ್ಕೆ ಗೊತ್ತಿಲ್ಲ, ಮುಳ್ಳಿಗೆ ಹೆದರ್ತೀರಿ” ಎಂದು ಜೊತೆಗೆ ಒಂದು ಚುಚ್ಚುಮಾತು.

ಅವರ ಗರಾಜಿನಲ್ಲಿ ಒಂದು ಯಂತ್ರವಿತ್ತು. ಬಡಗಿಯ ಬೈರಿಗೆಯನ್ನು ಎದೆಮಟ್ಟಕ್ಕೆ ಬೆಳೆಸಿ, ಮೇಲೆ ಮೋಟಾರು, ಬ್ಯಾಟರಿ, ಎರಡು ಹಿಡಿ ಕೂರಿಸಿದ ಹಾಗೆ. ಅವರು ಅದನ್ನು ಆಗರ್ ಎನ್ನುತ್ತಿದ್ದರು. ಕೆನಡಾದಲ್ಲಿ ಕೆರೆ ಹೆಪ್ಪುಗಟ್ಟಿದಾಗ ಅದರ ಮೇಲೆ ನಡೆದು ಹೋಗಿ, ಐಸನ್ನು ಕೊರೆದು, ಆ ತೂತಿನಲ್ಲಿ ಗಾಳ ಬಿಟ್ಟು ಮೀನು ಹಿಡಿಯುತ್ತಾರಂತೆ. ಹಿಂದೆ ಕೈಯಲ್ಲಿ ತಿರುಗಿಸಬೇಕಿತ್ತು, ರಟ್ಟೆ ಬಿದ್ದುಹೋಗುತ್ತಿತ್ತು. ಇದಾದರೆ ಗುಂಡಿ ಒತ್ತಿದರೆ ಅರ್ಧ ನಿಮಿಷದಲ್ಲಿ ನೀರು ಕಾಣುತ್ತದೆ. ಪರ್ತ್‌ನಲ್ಲಿ ಐಸು ಫ್ರಿಜ್ಜಿನಲ್ಲಿ ಮಾತ್ರ. ಆದ್ದರಿಂದ ಅಂಕಲ್ ಅದಕ್ಕೆ ಮಣ್ಣು ಕೊರೆಯುವ ತಿರುಪು ಹಾಕಿಸಿಕೊಂಡು ಕನ್ನಡದವರ ಮನೆಗಳಲ್ಲೆಲ್ಲ ಕರಿಬೇವಿಗೆ, ನುಗ್ಗೆಗೆ, ಬೇಲಿಯ ಕಂಬಕ್ಕೆ ಗುಂಡಿ ತೋಡಿಕೊಡುತ್ತಿದ್ದರು.

ಒಂದೇ ವಿಚಿತ್ರ. ಒಂದು ಗಿಡ ನೆಡುವುದಿದ್ದರೂ ಮೂರು ತೂತು ಕೊರೆಯುತ್ತಿದ್ದರು. ಮೊದಲು ಒಂದು, ನಾಲ್ಕು ಹೆಜ್ಜೆ ಆಚೆ ಇನ್ನೊಂದು, ಅದರಾಚೆ ಮತ್ತೊಂದು. ಪ್ರತಿ ತೂತಿನ ಬಳಿಯೂ ಮಂಡಿಯೂರಿ ಮೊಣಕೈವರೆಗೆ ಕೈ ಇಳಿಸಿ, ಬೆರಳು ಮಡಿಸಿ, ಮಣ್ಣಿನ ಅಡಿಯಂಚನ್ನು ಹುಡುಕುವವರ ಹಾಗೆ ತಡಕುತ್ತಿದ್ದರು. ಮರಳು ಕುಸಿದು ಕೈ ಹೂತುಹೋಗುತ್ತಿತ್ತು, ಆದರೂ ತಕ್ಷಣ ತೆಗೆಯುತ್ತಿರಲಿಲ್ಲ. ಯಾರಾದರೂ ತಮಾಷೆ ಮಾಡಿದರೆ, “ಎರಡು ಅಂದಾಜಿಗೆ, ಮೂರನೇದು ಜೀವಕ್ಕೆ” ಎಂದು ಉಳಿದೆರಡನ್ನು ಮುಚ್ಚುತ್ತಿದ್ದರು. ಬ್ಯಾಟರಿಯನ್ನಂತೂ ಮಗುವಿನಂತೆ ನೋಡಿಕೊಳ್ಳುತ್ತಿದ್ದರು. ಕೆಲಸವಿರಲಿ ಬಿಡಲಿ, ಪ್ರತಿ ಶನಿವಾರ ಚಾರ್ಜು. ಅದರ ಹಸಿರು ದೀಪ ಹತ್ತುವವರೆಗೂ ಗರಾಜಿನಲ್ಲಿ ಕುರ್ಚಿ ಹಾಕಿ ಕಾಯುತ್ತಿದ್ದರು. ಆಗ ಮಾತಾಡಿಸಿದರೆ ಕೇಳಿಸುತ್ತಿರಲಿಲ್ಲ. ಆ ಮುಖವನ್ನು ನೋಡಲು ನನಗೆ ಭಯವಾಗುತ್ತಿತ್ತು.

ಒಂದು ಬೇಸಿಗೆಯ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಚಪ್ಪರ ಹಾಕಲು ನಾಲ್ಕು ಗುಂಡಿ ಬೇಕಾಗಿತ್ತು. ಎರಡು ಮುಗಿಯಿತು. ಮೂರನೆಯದಕ್ಕೆ ತಿರುಪು ನೆಲಕ್ಕೆ ತಾಗಿದ್ದೇ ತಡ, ಮೋಟಾರು ಒಮ್ಮೆ ಮುಲುಗಿ ನಿಂತುಹೋಯಿತು. ಹಳೆಯ ಬ್ಯಾಟರಿ, ಸೆಕೆ ಬೇರೆ.

“ಬಿಡಿ ಅಂಕಲ್, ಇವತ್ತಿಗೆ ಎರಡು ಸಾಕು” ಎಂದರು ನನ್ನ ಗಂಡ.

“ಹಾಗೆ ಹೇಳ್ಬೇಡ!” ಅಂಕಲ್ ಕಿರುಚಿದರು. ಅವರ ಅಂಥ ದನಿಯನ್ನು ನಾವು ಕೇಳಿಯೇ ಇರಲಿಲ್ಲ. ನಿಂತಲ್ಲೇ ಕುಸಿದು ಕೂತರು. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಗಂಡ ನೀರು ತರಲು ಒಳಗೆ ಓಡಿದರು. ನಾನು ನಾಡಿ ಹಿಡಿದು ಕೂತೆ. ಆಗ ಅವರು ಹೇಳಿದ್ದು ಇದು.

“ಐಸು ಹೊಸದು. ಡಿಸೆಂಬರ್ ಶುರು. ಸ್ವಲ್ಪ ಸ್ವಲ್ಪ ದೂರಕ್ಕೆ ಕೊರೆದು ದಪ್ಪ ನೋಡ್ತಾ ಹೋಗ್ಬೇಕು. ದಡದ ಹತ್ರ ಒಂದು ನೋಡಿದೆ, ಗಟ್ಟಿ ಇತ್ತು. ಮುಂದೆ ಇನ್ನೊಂದು, ಅದೂ ಗಟ್ಟಿ. ಮೂರನೇದಕ್ಕೆ ಬ್ಯಾಟರಿ ಸತ್ತಿತು. ಚಳಿಗೆ ಹಾಗೆ ಆಗ್ತದೆ. ಗಾಡಿಯಲ್ಲಿ ಕಬ್ಬಿಣದ ಹಾರೆ ಇತ್ತು, ತಂದು ಕುಟ್ಟಿ ನೋಡ್ಬಹುದಿತ್ತು. ಉದಾಸೀನ. ತಂಗಿಯ ಗಂಡ ಕೇಳಿದ, ಹೋಗ್ಬಹುದಾ ಭಾವ ಅಂತ. ಎರಡು ನೋಡಿದೆವಲ್ಲ, ಸಾಕು, ಹೋಗು ಅಂದೆ. ಬ್ಯಾಟರಿ ಬೆಚ್ಚಗಾಗ್ಲಿ ಅಂತ ಬಿಚ್ಚಿ ಕಂಕುಳಲ್ಲಿ ಇಟ್ಕೊಳ್ಲಿಕ್ಕೆ ಬಗ್ಗಿದೆ. ಶಬ್ದವೇ ಆಗ್ಲಿಲ್ಲ. ತಲೆ ಎತ್ತಿದ್ರೆ ಅವನ ಟೋಪಿ ಮಾತ್ರ ಉಂಟು.”

ಆಮೇಲೆ ಇನ್ನೊಂದು ಮಾತು ಹೇಳಿದರು. ಅದೇ ಅವರನ್ನು ತಿನ್ನುತ್ತಿದ್ದದ್ದು.

“ತಂಗಿಗೆ ನಾನು ಸುಳ್ಳು ಹೇಳಿದ್ದೇನೆ. ಬ್ಯಾಟರಿ ಸರಿ ಇತ್ತು, ಬೇಡ ಅಂದ್ರೂ ಅವನೇ ಓಡಿದ ಅಂತ. ಸತ್ತವನ ತಲೆಗೆ ಕಟ್ಟಿದೆ. ನೀನು ಡಾಕ್ಟರು, ಗುಟ್ಟು ಕಾಯುವವಳು. ನಾನು ಹೋದ ಮೇಲೆ ಅವಳಿಗೆ ಹೇಳು. ಇರುವಾಗ ಬೇಡ, ಅವಳ ಮುಖ ನೋಡ್ಲಿಕ್ಕೆ ನನಗೆ ಆಗ್ಲಿಕ್ಕಿಲ್ಲ.”

ನಾನು ಮಾತು ಕೊಟ್ಟೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸದಿರುವುದು ನನ್ನ ವೃತ್ತಿಯ ಹೆಮ್ಮೆ. ಆವತ್ತು ಆ ಹೆಮ್ಮೆ ತುಸು ಉಬ್ಬಿತು ಎಂದೇ ಹೇಳಬೇಕು.

ಮರುವರ್ಷ ಈಸ್ಟರ್‌ಗೆ ತಂಗಿ ಪರ್ತ್‌ಗೆ ಬಂದರು. ಸಣ್ಣ ಮೈಯ, ಮೆಲುದನಿಯ ಆಂಟಿ. ನಮ್ಮಲ್ಲಿ ಊಟಕ್ಕೆ ಕರೆದಿದ್ದೆ. ಅಣ್ಣ ತಂಗಿ ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡಲಿಲ್ಲ. “ಅವಳಿಗೆ ಇನ್ನೂ ಸ್ವಲ್ಪ ಅನ್ನ ಹಾಕು” ಎಂದು ಅವರು ನನಗೆ ಹೇಳಿದರು. “ಅವ ಬಿಪಿ ಮಾತ್ರೆ ತೆಗೊಂಡನಾ ಕೇಳು” ಎಂದು ಇವರೂ ನನಗೇ. ಆಂಟಿ ನಾಲ್ಕು ದಿನವೂ ಗರಾಜಿನ ಕಡೆಯ ಬಾಗಿಲನ್ನು ಬಳಸದೆ ಸುತ್ತಿಕೊಂಡು ಓಡಾಡಿದರು. ಇವರಿಗೆ ಅಣ್ಣನ ಮೇಲೆ ಅನುಮಾನವಿದೆ, ಕ್ಷಮಿಸಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಮುಖ ನೋಡಿಯೇ ಚೀಟಿ ಬರೆಯುವ ಡಾಕ್ಟರು ನಾನು.

ಹೊರಡುವ ದಿನ ಆಂಟಿ ನಮ್ಮ ಅಡುಗೆಮನೆಗೆ ಬಂದು ತಟ್ಟೆ ಒರೆಸುತ್ತ ಕೇಳಿದರು: “ಅಣ್ಣ ನಿನ್ನ ಹತ್ರ ಎಂತಾದರೂ ಹೇಳ್ತಾನಾ ಮಗಾ? ಹಳೇ ವಿಷಯ?”

“ಏನಿಲ್ಲ ಆಂಟಿ” ಎಂದೆ. ರೆಪ್ಪೆ ಕೂಡ ಅಲುಗಲಿಲ್ಲ.

ಅಂಕಲ್ ಹೋದದ್ದು ಅದಾದ ಮರುವರ್ಷ. ಒಂದು ಶನಿವಾರ ಬೆಳಿಗ್ಗೆ, ಗರಾಜಿನ ಅದೇ ಕುರ್ಚಿಯಲ್ಲಿ. ಕಾಫಿ ಕೊಡಲು ಹೋದ ಮಗ ನನ್ನನ್ನು ಕೂಗಿದ. ನಾನು ಬೇಲಿ ಹಾರಿಯೇ ಹೋದೆ, ಮಾಡಬೇಕಾದದ್ದೆಲ್ಲ ಮಾಡಿದೆ. ಮೈ ಆಗಲೇ ತಣ್ಣಗಾಗಿತ್ತು. ಅಷ್ಟು ಸೆಕೆಯಲ್ಲಿ ಅಷ್ಟು ತಣ್ಣಗಿನ ಕೈ, ನನಗೆ ಇನ್ನೂ ಮರೆಯಲಾಗಿಲ್ಲ. ಮಂಡಿಯ ಆಪರೇಷನ್ ಆಗಿದ್ದ ಆಂಟಿಗೆ ಬರಲಾಗಲಿಲ್ಲ.

ಎರಡು ತಿಂಗಳ ಮೇಲೆ ನಾನೇ ಅಡಿಲೇಡ್‌ಗೆ ಹೋದೆ. ಮಾಡ್ಬರಿಯಲ್ಲಿ ಆಂಟಿಯ ಮಗಳ ಮನೆ. ಮಗಳು ಆಸ್ಪತ್ರೆಗೆ ಡ್ಯೂಟಿಗೆ ಹೋಗಿದ್ದಳು. ಕೊಟ್ಟ ಮಾತಿನಂತೆ ಎಲ್ಲವನ್ನೂ ಹೇಳಬೇಕು, ಆಂಟಿ ಅಳುತ್ತಾರೆ, ಬೈಯುತ್ತಾರೆ, ತಡೆದುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಮಾತು ತೆಗೆದರು.

“ಅಣ್ಣ ಹೋದ. ಇನ್ನು ಹೇಳಿದರೆ ಯಾರಿಗೂ ತೊಂದರೆ ಇಲ್ಲ. ಅವರಿಬ್ಬರು ಮೀನಿಗೆ ಹೊರಟದ್ದರ ಹಿಂದಿನ ರಾತ್ರಿ ಅಣ್ಣ ಬ್ಯಾಟರಿಯನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಇಟ್ಟಿದ್ದ. ನನಗೆ ಕ್ರಿಸ್‌ಮಸ್‌ನ ತಿಂಡಿಗೆ ಅಕ್ಕಿ ರುಬ್ಬಲಿಕ್ಕೆ ಇತ್ತು. ಮಿಕ್ಸಿಗೆ ಪ್ಲಗ್ಗು ಬೇಕಲ್ಲ, ಅದನ್ನು ಕಿತ್ತು ಗರಾಜಿನಲ್ಲಿ ಇಟ್ಟೆ. ಹೊರಗೆ ಮೈನಸ್ ಇಪ್ಪತ್ತು. ಬೆಳಿಗ್ಗೆ ಹೇಳ್ಲಿಕ್ಕೆ ಮರೆತೆ. ನನ್ನ ಗಂಡನೇ ಎತ್ತಿ ಗಾಡಿಗೆ ಹಾಕಿದರು. ಆ ಬ್ಯಾಟರಿ ಕೈ ಕೊಟ್ಟೇ ಕೊಟ್ಟಿರ್ಬೇಕು. ಆದರೆ ಅಣ್ಣ ಪೊಲೀಸರಿಗೆ, ನನಗೆ, ಎಲ್ಲರಿಗೂ ಬ್ಯಾಟರಿ ಸರಿ ಇತ್ತು ಅಂತಲೇ ಹೇಳಿದ. ನನ್ನನ್ನು ಉಳಿಸ್ಲಿಕ್ಕೆ ಮಗಾ. ಅವನಿಗೆ ಗೊತ್ತಾಗಿತ್ತು. ನಾನು ಯಾವ ಮುಖ ಇಟ್ಕೊಂಡು ಅವನನ್ನು ನೋಡೋದು?”

ಅಂಕಲ್ ಹೇಳಿದ್ದನ್ನೆಲ್ಲ ಹೇಳಿದೆ. ಎರಡು ತೂತು, ಗಾಡಿಯಲ್ಲೇ ಉಳಿದ ಹಾರೆ, ಸಾಕು ಹೋಗು ಎಂದದ್ದು, ಸತ್ತವರ ಮೇಲೆ ಹೊರಿಸಿದ ಸುಳ್ಳು. ಬ್ಯಾಟರಿ ಎಲ್ಲಿತ್ತು ಎಂಬುದು ಅವರಿಗೆ ಕೊನೆಯವರೆಗೂ ಗೊತ್ತೇ ಇರಲಿಲ್ಲ ಎಂದೂ ಹೇಳಿದೆ.

ಆಂಟಿ ಅಳಲಿಲ್ಲ. ಕೈಯಲ್ಲಿದ್ದ ಊರುಗೋಲನ್ನು ಗೋಡೆಗೆ ಒರಗಿಸಿ, ನನ್ನನ್ನೇ ನೋಡಿದರು.

“ಇದನ್ನು ಅವ ನಿನಗೆ ಯಾವಾಗ ಹೇಳಿದ್ದು?”

“ಎರಡು ವರ್ಷ ಆಯ್ತು ಆಂಟಿ.”

“ಅಂದ್ರೆ ಈಸ್ಟರಿಗೆ ನಾನು ನಿನ್ನನ್ನು ಕೇಳಿದೆನಲ್ಲ. ಆಗ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಅವ ಆಗ ಪಕ್ಕದ ಮನೆಯಲ್ಲೇ ಇದ್ದ” ಎಂದರು ಆಂಟಿ.

ಅಷ್ಟೇ. ಆಮೇಲೆ ನನಗೆ ಊಟ ಹಾಕಿದರು, ಟ್ಯಾಕ್ಸಿ ಬರುವವರೆಗೆ ಬಾಗಿಲಲ್ಲಿ ನಿಂತರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗ ನಾನು ಬ್ರಿಸ್ಬೇನ್‌ನ ಸನ್ನಿಬ್ಯಾಂಕ್‌ನಲ್ಲಿದ್ದೇನೆ. ರೋಗಿಗಳು ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ಯಾರಿಗೂ ಹೇಳಬೇಡಿ ಎಂದಾಗ ಮೊದಲಿನಂತೆ ಥಟ್ಟನೆ ಆಗಲಿ ಎನ್ನಲು ಆಗುವುದಿಲ್ಲ. ನೀವೇ ಒಮ್ಮೆ ಹೇಳಿ ನೋಡಿ, ಜೊತೆಗೆ ಬೇಕಾದರೆ ನಾನೂ ಬಂದು ಕೂರುತ್ತೇನೆ ಎನ್ನುತ್ತೇನೆ. ಕೆಲವರು ಹೇಳುತ್ತಾರೆ, ಕೆಲವರು ಇಲ್ಲ. ಇಷ್ಟನ್ನಾದರೂ ಕಲಿಸಿದವರು ಅಂಕಲ್. ಅವರಿಗೆ ಕೊಟ್ಟ ಮಾತನ್ನು ನಾನು ಒಂದಕ್ಷರ ತಪ್ಪದೆ ಉಳಿಸಿಕೊಂಡೆ. ಅದಕ್ಕಾಗಿ ಇವತ್ತಿಗೂ ಅವರಲ್ಲಿ ಕ್ಷಮೆ ಕೇಳುತ್ತಿದ್ದೇನೆ.