ಮೊದಲು ವಿಲ್, ಆಮೇಲೆ ಅಫಿಡವಿಟ್

ಬಂಗಾರಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವ ಸೀನಪ್ಪ ಕ್ಯಾಸಂಬಳ್ಳಿಯ ನಾಡಕಚೇರಿಗೆ ವಂಶವೃಕ್ಷಕ್ಕಾಗಿ ಏಳು ಸಲ ಅಲೆದಿದ್ದ. ಎಂಟನೆಯ ಸಲ ಗುಮಾಸ್ತ ಕಡತ ಬಿಚ್ಚದೆಯೇ ಹೇಳಿದ: “ಒಂದ್ ಉಡ್ಗೀಗೆ ಇಬ್ರು ಅಪ್ಪಂದಿರು. ಯಾರಾದ್ರೂ ಒಬ್ಬರನ್ನ ಇಟ್ಕೊಂಡು ಬನ್ನಿ.”

ತಪ್ಪು ಸೀನಪ್ಪನದೇ. ಇಪ್ಪತ್ತು ವರ್ಷದ ಹಿಂದೆ ಅವನು ಶ್ಯಾಮಲಳನ್ನು ಮದುವೆಯಾದಾಗ ಅವಳ ಕಂಕುಳಲ್ಲಿ ಮೂರು ವರ್ಷದ ಕಲ್ಪನ ಇದ್ದಳು. ಮಗುವಿನ ಅಪ್ಪ ಕೋದಂಡಪ್ಪ ಟ್ರ್ಯಾಕ್ಟರ್ ಮಗುಚಿ ತೀರಿಕೊಂಡಿದ್ದ. ಶಾಲೆಗೆ ಸೇರಿಸುವಾಗ ಮೇಷ್ಟ್ರು ತಂದೆಯ ಹೆಸರು ಕೇಳಿದರು. ಸೀನಪ್ಪ ತನ್ನ ಹೆಸರನ್ನೇ ಬರೆಸಿ, ತರಗತಿಗೆಲ್ಲ ಪೆಪ್ಪರ್‌ಮೆಂಟ್ ಹಂಚಿದ. ಅಲ್ಲಿಂದ ಮುಂದೆ ಅಂಕಪಟ್ಟಿ, ಆಧಾರ್ ಎಲ್ಲದರಲ್ಲೂ ಅವನೇ ಅಪ್ಪ. ಜನನ ಪ್ರಮಾಣಪತ್ರದಲ್ಲಿ ಮಾತ್ರ ಕೋದಂಡಪ್ಪ.

ಕ್ಯಾಸಂಬಳ್ಳಿಯಲ್ಲಿದ್ದ ಕೋದಂಡಪ್ಪನ ಒಂದೂವರೆ ಎಕರೆ ಕಲ್ಪನಳ ಹೆಸರಿಗೆ ಬರಲು ಆ ವಂಶವೃಕ್ಷ ಬೇಕಿತ್ತು. ಈಗ ಕೋದಂಡಪ್ಪನ ತಮ್ಮ ಮುನಿಸ್ವಾಮಪ್ಪ ಆ ಜಮೀನಿನಲ್ಲಿ ಟೊಮೇಟೊ ನಾಟಿ ಮಾಡಿಕೊಂಡು, ಆ ಅಂಕಪಟ್ಟಿಯನ್ನೇ ತೋರಿಸುತ್ತಿದ್ದ. “ಅವಳು ಸೀನಪ್ಪನ ಮಗಳು. ಓಗಿ ಅವನ ಮನೇಲಿ ಪಾಲು ಕೇಳ್ಲಿ.”

ಸೀನಪ್ಪನ ಅಕ್ಕ ಅಕ್ಕಯ್ಯಮ್ಮನದು ಇನ್ನೊಂದು ರಾಗ. “ಆ ಮನೆ ನಿನ್ನ ಮಗ ಗಿರೀಗೆ ಕಣ್ಲಾ. ಇವಳೇನ್ ನಿನಗುಟ್ಟಿದ್ದಾ?”

ವಕೀಲೆ ಸುಕನ್ಯ ಎರಡನ್ನೂ ಬಿಡಿಸಿ ಹೇಳಿದರು. “ತಾಯಿ ಮರುಮದುವೆಯಾದರೆ ಹೆತ್ತಪ್ಪನ ಆಸ್ತೀಲಿ ಮಗಳ ಹಕ್ಕು ಹೋಗಲ್ಲ. ಶಾಲೇಲಿ ಯಾರ ಹೆಸರು ಬರೆಸಿದ್ರೂ ಹೋಗಲ್ಲ. ಆದರೆ ನೀವು ಇವಳನ್ನ ಕಾನೂನುಪ್ರಕಾರ ದತ್ತು ತಗೊಂಡಿಲ್ಲ. ವಿಲ್ ಬರೆಯದೆ ನೀವು ಹೋದರೆ ಮನೆ ಶ್ಯಾಮಲಮ್ಮನಿಗೆ, ಗಿರಿಗೆ. ಕಲ್ಪನಂಗೆ ಒಂದು ಇಟ್ಟಿಗೆಯೂ ಇಲ್ಲ.”

“ಇಪ್ಪತ್ತು ವರ್ಷ ಸಾಕಿದ್ದೀನಿ ಮೇಡಂ.”

“ಅದಕ್ಕೆ ಕಲಂ ಇಲ್ಲ ಸೀನಪ್ಪ. ನೀವೇ ದುಡಿದು ಕಟ್ಟಿಸಿದ ಮನೆ, ಬರೆದುಕೊಡಬಹುದು.”

ಹೀಗೆ ಎರಡು ಕಾಗದ ತಯಾರಾದವು. ಮನೆಯನ್ನು ಗಿರಿಗೂ ಕಲ್ಪನಳಿಗೂ ಸಮಪಾಲು ಮಾಡುವ ವಿಲ್ ಒಂದು. ಕಲ್ಪನ ತನಗೆ ಹುಟ್ಟಿದವಳಲ್ಲ, ಕೋದಂಡಪ್ಪನ ಮಗಳು ಎಂದು ಸೀನಪ್ಪ ಪ್ರಮಾಣ ಮಾಡುವ, ನಾಡಕಚೇರಿಯವರು ಕೇಳಿದ್ದ ಅಫಿಡವಿಟ್ ಇನ್ನೊಂದು.

ಗುರುವಾರ ಹತ್ತು ಗಂಟೆಗೆ ಸೀನಪ್ಪ, ಕಲ್ಪನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದರೆ ಸರ್ವರ್ ಇರಲಿಲ್ಲ. ಹನ್ನೆರಡಕ್ಕೂ ಇಲ್ಲ. ಎರಡಕ್ಕೆ ಬಂತು, ಫೋಟೋ ತೆಗೆಯುವಷ್ಟರಲ್ಲಿ ಹೋಯಿತು. ಹೊರಗೆ ಹೊಂಗೆ ಮರದಡಿ ಕೂತಿದ್ದ ನೋಟರಿ ಮೂರನೆಯ ಸಲ ಕರೆದರು. “ಬನ್ರೀ, ಅಫಿಡವಿಟ್ ಎರಡು ನಿಮಿಷದ ಕೆಲಸ.”

“ಮೊದಲು ವಿಲ್,” ಎಂದ ಸೀನಪ್ಪ.

“ಯಾವುದು ಮೊದಲಾದರೇನ್ರೀ?”

“ಇದಕ್ಕೆ ಸೈನ್ ಹಾಕಿದ್ರೆ ಇವಳು ನನ್ನ ಮಗಳಲ್ಲ. ಅಲ್ಲಿ ಕೋದಂಡಪ್ಪನ ವಂಶವೃಕ್ಷಕ್ಕೆ ಇನ್ನೂ ಸೇರಿಸ್ಕೊಂಡಿಲ್ಲ. ಎರಡು ನಿಮಿಷನೂ ಇವಳು ಯಾರಿಗೂ ಇಲ್ಲದಂಗೆ ಇರಬಾರದು.”

ಕಲ್ಪನಳಿಗೂ ಸಾಕಾಗಿತ್ತು. “ಅಷ್ಟರಲ್ಲಿ ನೀನೇನ್ ಸತ್ತೋಗ್ತೀಯಾ ಅಪ್ಪ?”

“ಮೋಟಾರ್ ಕೆಲಸ ಕಣಮ್ಮ. ಶಾಕ್ ಒಡೆಯಕ್ಕೆ ಎರಡು ನಿಮಿಷ ಬೇಕಾ?”

ನಾಲ್ಕೂ ಇಪ್ಪತ್ತಕ್ಕೆ ವಿಲ್ ನೋಂದಣಿಯಾಯಿತು. ಸೀನಪ್ಪ ಮುದ್ರೆಯನ್ನೂ ಸಂಖ್ಯೆಯನ್ನೂ ಎರಡು ಸಲ ನೋಡಿ, ಅದನ್ನು ಮಡಚಿ ಕಲ್ಪನಳ ಬ್ಯಾಗಿಗೆ ಹಾಕಿ ಜಿಪ್ ಎಳೆದ. ಆಮೇಲೇ ಹೊಂಗೆ ಮರದಡಿ ಹೋದ.

ಗಾಳಿಗೆ ಅಫಿಡವಿಟ್ ಹಾರಾಡಿತು. ಕಲ್ಪನ ಅಂಗೈ ಊರಿ ಒತ್ತಿಹಿಡಿದಳು. ಬರೆದಿದ್ದೆಲ್ಲ ಅವಳ ಕೈಯಡಿ ಮುಚ್ಚಿಹೋಗಿ, ಸಹಿ ಹಾಕುವಷ್ಟೇ ಜಾಗ ಕಾಣುತ್ತಿತ್ತು.

“ಓದ್ಕೊಂಡ್ರಾ?” ಎಂದರು ನೋಟರಿ.

“ಎಂಟು ದಿನದಿಂದ ಓದ್ತಾ ಇದ್ದೀನಿ,” ಎಂದು ಸೀನಪ್ಪ ಸಹಿ ಹಾಕಿದ.