ಬಾಗಿಲು ಅಳೆಯದ ಬಡಗಿಯ ಪೆಟ್ಟಿಗೆ

ಊರವರಿಗೆಲ್ಲ ಬಾಗಿಲು ಕೂರಿಸಿಕೊಟ್ಟ ನಮ್ಮ ಅಜ್ಜ ತನ್ನ ಬಾಡಿಗೆ ಮನೆಯ ನಡುಕೋಣೆಯಲ್ಲಿ ಕೂತು ಕಂಬಳಿ ಇಡಲು ಒಂದು ಪೆಟ್ಟಿಗೆ ಮಾಡಿದ. ಮುಗಿಸಿದ ಮೇಲೆ ನೋಡಿದರೆ ಅದು ಬಾಗಿಲಿಗಿಂತ ಒಂದು ಗೇಣು ದೊಡ್ಡದು. ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ‘ಬಾಗಿಲು ಅಳೆಯದ ಬಡಗಿ’ ಎಂಬ ಹೆಸರು ಅಂಟಿಕೊಂಡಿತು. ಅಜ್ಜ ತುಟಿಪಿಟಕ್ಕೆನ್ನದೆ ಆ ಹೆಸರು ಹೊತ್ತುಕೊಂಡೇ ಹೋಗಿಬಿಟ್ಟ. ಸುಳ್ಳೇಕೆ ಹೇಳಲಿ, ನಾನೂ ನಕ್ಕವಳೇ. ಸಿಡುಕುತ್ತಿದ್ದವಳು ಸೋದರತ್ತೆ ಒಬ್ಬಳೇ.

ಹೋದ ತಿಂಗಳು ಆ ಬಾಡಿಗೆ ಮನೆ ಕೆಡವಲು ಮಾಲೀಕರು ದಿನ ಗೊತ್ತು ಮಾಡಿದರು. ಸಾಮಾನೆಲ್ಲ ಹೊರಟಿತು. ನಾಲ್ವರು ಹೆಗಲು ಕೊಟ್ಟರೂ ಪೆಟ್ಟಿಗೆ ಮಾತ್ರ ಜಪ್ಪಯ್ಯ ಅಂದರೂ ಬಾಗಿಲು ದಾಟಲಿಲ್ಲ. ಅಪ್ಪ ಗರಗಸ ತಂದ.

“ಕೊಯ್ದು ತಗೊಂಡು ಹೋಗೋಣ ಅಕ್ಕಾ. ನಾಳೆ ಗೋಡೆ ಬೀಳುತ್ತೆ.”

“ಮೊದ್ಲು ನನ್ನ ಕೊಯ್ಯಿ!” ಅತ್ತೆ ಮುಚ್ಚಳದ ಮೇಲೆ ಕೂತುಬಿಟ್ಟಳು.

ಅತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಹೊದಿಕೆ ಒಗೆದು ಮಡಿಸಿದವಳು. ಕಲೆ ನೋಡಿದರೆ ಸಾಕು, ಔಷಧದ್ದೋ ತುಕ್ಕಿನದ್ದೋ ಹೇಳಿಬಿಡುತ್ತಾಳೆ. ಪೆಟ್ಟಿಗೆಯಿಂದ ತೆಗೆದು ಹೊರಗಿಟ್ಟ ಕಂಬಳಿಗಳನ್ನೇ ದಿಟ್ಟಿಸುತ್ತಿದ್ದವಳು ಥಟ್ಟನೆ ಎದ್ದಳು.

“ಐವತ್ತು ವರ್ಷ ಇದ್ರೊಳಗೇ ಇದ್ವು. ಒಂದಕ್ಕಾದ್ರೂ ತುಕ್ಕಿನ ಕಲೆ ಇದ್ಯೇನೋ?”

“ಇಲ್ಲ. ಅದಕ್ಕೇನೀಗ?”

“ಕಬ್ಬಿಣ ಇದ್ರೆ ತಾನೆ ತುಕ್ಕು! ಅಪ್ಪ ಮೊಳೆನೇ ಹೊಡೆದಿಲ್ಲ ಕಣೋ.”

ಚಮಚದ ಹಿಡಿಯಿಂದ ಮೂಲೆಯ ಹಸಿರು ಬಣ್ಣ ಕೆರೆದಳು. ನಾಲ್ಕು ಪದರದ ಕೆಳಗೆ ಮರದ ಗೂಟವೊಂದರ ದುಂಡು ತಲೆ ಕಂಡಿತು. ಒಂದೊಂದೇ ಗೂಟ ತಟ್ಟಿ ಹೊರತೆಗೆದೆವು. ಹಲಗೆಗಳು ಬಿಡಿಬಿಡಿಯಾಗಿ ಕೈಗೆ ಬಂದವು. ಪ್ರತಿ ಹಲಗೆಯ ಒಳ ಅಂಚಿನಲ್ಲೂ ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ. ಮತ್ತೆ ಜೋಡಿಸುವ ಕ್ರಮ!

“ಹಾಗಾದ್ರೆ ಅಪ್ಪ ಬೇಕಂತಲೇ ಹೀಗೆ ಮಾಡಿದ್ದ!” ಅಪ್ಪನ ಮುಖ ಸಣ್ಣಗಾಯಿತು. “ಬಾಯಿ ಬಿಟ್ಟು ಹೇಳೋದಕ್ಕೇನಾಗಿತ್ತು?”

“ಕಂಬಳಿ ತೆಗೆಯೋವಾಗೆಲ್ಲ ಅಮ್ಮ ನಗ್ತಿದ್ಲಲ್ಲ. ಆ ನಗು ಕಳಕೊಳ್ಳೋಕೆ ಮನಸ್ಸಾಗಿರಲ್ಲ.”

ಆಮೇಲೆ ಅತ್ತೆ ಒಂದು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಸೊಟ್ಟಸೊಟ್ಟ ಅಂಕಿ, ಅಜ್ಜನ ಬರಹವಲ್ಲ. ಐದು ವರ್ಷದವಳಿದ್ದಾಗ ಅಜ್ಜ ಅವಳ ಮುಂದೆ ಹಲಗೆ ಇಟ್ಟು ಒಂದರಿಂದ ಹದಿನಾಲ್ಕರವರೆಗೆ ಬರೆಸಿದ್ದ. ಅದು ಪಾಠ ಎಂದೇ ಅವಳು ತಿಳಿದಿದ್ದಳು.

“ನಂದೇ ಕಣೋ ಇದು,” ಎಂದು ಅಳುತ್ತಲೇ ನಕ್ಕಳು.

ಹೊಸ ಮನೆಯಲ್ಲಿ ಯಾರನ್ನೂ ಮುಟ್ಟಗೊಡದೆ ಹದಿನಾಲ್ಕೂ ಹಲಗೆಗಳನ್ನು ಅತ್ತೆಯೇ ಜೋಡಿಸಿದಳು. ಅಲ್ಲಿನ ಬಾಗಿಲನ್ನು ನಾವು ಯಾರೂ ಅಳೆಯಲಿಲ್ಲ.