ಬೆಲ್ಜಿಯಂ ಕುರ್ಚಿ

ಸುಮಿತ್ರಾ ಮೇಡಂ ಅವರ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಕೂರಲು ಸಿಗುತ್ತಿದ್ದುದು ಎರಡೇ. ಟೋಕಿಯೋದ ವಿಶ್ವವಿದ್ಯಾಲಯದ ಕೋಣೆ ಎಂದರೆ ನಮ್ಮ ಕಡೆಯ ದೇವರ ಮನೆಗಿಂತ ಒಂದು ಮೊಳ ದೊಡ್ಡದು, ಅಷ್ಟೆ. ಅಂಥ ಇಕ್ಕಟ್ಟಿನಲ್ಲೂ ಕಿಟಕಿಯ ಪಕ್ಕದ ಮರದ ಕುರ್ಚಿ ಸದಾ ಖಾಲಿ. ಬೆಂಗಳೂರಿನಿಂದ ಪಿಎಚ್‌ಡಿಗೆಂದು ಬಂದ ಹೊಸತರಲ್ಲಿ, ಮೊದಲ ಸಲ ಆ ಕೋಣೆಗೆ ಹೋದವಳೇ ನಾನು ಬ್ಯಾಗನ್ನು ಅದರ ಮೇಲಿಟ್ಟೆ.

"ತೆಗಿ, ತೆಗಿ! ಅದು ಬೆಲ್ಜಿಯಂ ಕುರ್ಚಿ ಕಣಮ್ಮ" ಎಂದು ಗದರಿದರು.

ದೇವರೇ, ಎಂಥವರ ಕೈಗೆ ಸಿಕ್ಕಿಬಿದ್ದೆ ಎಂದುಕೊಂಡೆ.

ಮೈಸೂರಿನ ಈ ಹೆಂಗಸು ಇಪ್ಪತ್ತು ವರ್ಷದಿಂದ ಕೆದಕುತ್ತಿದ್ದುದು ಒಂದೇ ಪ್ರಶ್ನೆಯನ್ನು. ಒಂದು ದೇಶ ತನ್ನ ಪ್ರಾಂತ್ಯಗಳಿಗೆ ಅಧಿಕಾರ ಹಂಚಿಕೊಟ್ಟ ಮೇಲೆ, ಯುರೋಪಿನ ಒಕ್ಕೂಟದ ಮುಂದೆ ಆ ದೇಶದ ಪರವಾಗಿ ಮಾತಾಡುವವರು ಯಾರು? ಕಾಫಿ ಬಗ್ಗಿಸುತ್ತಾ ಅವರು ನನಗೆ ಬಿಡಿಸಿ ಹೇಳಿದ್ದು ಹೀಗೆ: "ಒಕ್ಕೂಟದ ಸಭೇಲಿ ಬೆಲ್ಜಿಯಂಗೆ ಇರೋದು ಒಂದೇ ಕುರ್ಚಿ. ಮೀನುಗಾರಿಕೆ ವಿಷಯ ಬಂತು ಅನ್ನು, ಸಮುದ್ರ ಇರೋ ಪ್ರಾಂತ್ಯದ ಮಂತ್ರಿ ಬಂದು ಕೂತ್ಕೋತಾರೆ. ಆದ್ರೆ ತಮ್ಮ ಪ್ರಾಂತ್ಯದ ಮಾತಾಡೋ ಹಾಗಿಲ್ಲ, ಇಡೀ ದೇಶದ್ದು ಆಡ್ಬೇಕು. ಅದಕ್ಕೇ ಮೊದಲೇ ಮನೇಲಿ ಎಲ್ಲಾ ಸರ್ಕಾರಗಳನ್ನೂ ಕೇಳ್ಕೊಂಡು ಬಂದಿರ್ಬೇಕು. ಒಬ್ರು ಒಪ್ಪಲಿಲ್ವಾ, ಕೈ ಎತ್ತೋ ಹಾಗೇ ಇಲ್ಲ. ಸುಮ್ನೆ ಕೂತು ಎದ್ದು ಬರೋದು. ಅದು ಮರೀಬಾರ್ದು ಅಂತ್ಲೇ ಈ ಕುರ್ಚೀನ ಖಾಲಿ ಇಟ್ಟಿರೋದು."

"ಹೀಗಾದ್ರೆ ಕೆಲಸ ಆಗುತ್ತಾ ಮೇಡಂ?"

"ತಡ ಆಗುತ್ತೆ. ಮನೆ ಮುರಿಯಲ್ಲ."

ಪುಸ್ತಕದ ಈ ಪಾಠವನ್ನು ಆಕೆ ಬದುಕಿಗೂ ಅಂಟಿಸಿಕೊಂಡಿದ್ದರು. ಟೋಕಿಯೋದ ನಿಶಿ ಕಸಾಯಿ ಬಡಾವಣೆಯಲ್ಲಿ ನಾವು ಕನ್ನಡದ ಮನೆಯವರೆಲ್ಲ ಸೇರಿ ಯುಗಾದಿ ಊಟ ಮಾಡುವುದಿದ್ದರೆ, ಮೇಡಂ ಫುನಾಬೊರಿಯ ತಮ್ಮ ಮನೆಯಿಂದ ಒಂದೊಂದು ಮನೆಗೂ ಫೋನು ಮಾಡುತ್ತಿದ್ದರು. ಹಿರಿಯರನ್ನು ಕೇಳಿದರೆ ಸಾಲದು, "ಮಗೂಗೆ ಫೋನ್ ಕೊಡಿ" ಎನ್ನುವರು. ಒಮ್ಮೆ ಆರು ವರ್ಷದ ಪುಟ್ಟಿಯೊಬ್ಬಳು ಐಸ್‌ಕ್ರೀಮೇ ಬೇಕು ಎಂದು ಜಪಾನಿಯಲ್ಲಿ ಹಟ ಹಿಡಿದಳು. ಆ ವರ್ಷ ಒಬ್ಬಟ್ಟಿನ ಜೊತೆ ಬೀದಿ ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಐಸ್‌ಕ್ರೀಮನ್ನೂ ಬಡಿಸಿದೆವು. ನಾವೆಲ್ಲ ಗೊಣಗಿಕೊಂಡೇ ತಿಂದೆವು, ಚೆನ್ನಾಗಿಯೇ ಇತ್ತು.

ಜಪಾನಿನವರಿಗೆ ಇದು ಹೊಸದಲ್ಲ. ಸಭೆಗೆ ಮುಂಚೆ ಒಬ್ಬೊಬ್ಬರನ್ನೇ ಕಂಡು ಮಾತಾಡಿ ಒಪ್ಪಿಸಿಕೊಳ್ಳುವುದು ಅವರ ಪದ್ಧತಿ. ಅದಕ್ಕೆ ನೆಮವಾಶಿ ಎನ್ನುತ್ತಾರೆ. ಗಿಡ ಕೀಳುವ ಮುನ್ನ ಬೇರಿನ ಸುತ್ತ ಮಣ್ಣು ಬಿಡಿಸಿಕೊಳ್ಳುವ ಕೆಲಸಕ್ಕೂ ಅದೇ ಹೆಸರಂತೆ. ಮೇಡಂ ಅದಕ್ಕೆ ಕೋಡುಬಳೆ ಸೇರಿಸಿದ್ದರು. ಕಾಗದವೊಂದು ಸಭೆಗೆ ಹೋಗುವ ಮುನ್ನ ಪ್ರತಿಯೊಬ್ಬ ಅಧ್ಯಾಪಕರ ಬಾಗಿಲಿಗೂ ಅದರ ಪ್ರತಿ, ಜೊತೆಗೊಂದು ಪೊಟ್ಟಣ ಕೋಡುಬಳೆ ಹೋಗುತ್ತಿತ್ತು.

ನಾನು ಬಂದ ಮೂರನೆಯ ವರ್ಷ ಅವರ ಸಂಶೋಧನಾ ಯೋಜನೆಯ ಅವಧಿ ಮುಗಿಯುತ್ತಾ ಬಂತು. ಇನ್ನು ಮೂರು ವರ್ಷ ಮುಂದುವರಿಸಿ ಎಂದು ವಿಭಾಗ ವಿಶ್ವವಿದ್ಯಾಲಯವನ್ನು ಕೇಳಬೇಕು. ಕೇಳದಿದ್ದರೆ ಮಾರ್ಚಿಗೆ ಮೇಡಂ ಅವರ ನೌಕರಿಯೂ ಇಲ್ಲ, ವೀಸಾನೂ ಇಲ್ಲ. ಗಡುವಿಗೆ ಮುಂಚೆ ಉಳಿದಿದ್ದುದು ಒಂದೇ ಸಭೆ. ಸರಿಯಾಗಿ ಆ ವಾರವೇ ಅವರ ಸೊಂಟ ಹಿಡಿದುಕೊಂಡಿತು. ಮಲಗಿದಲ್ಲಿಂದಲೇ ಐದು ಪ್ರತಿ, ಐದು ಪೊಟ್ಟಣ ನನ್ನ ಕೈಗಿತ್ತರು. "ಐದೂ ಬಾಗಿಲು ತಟ್ಟು ರಶ್ಮಿ. ಕೊಟ್ಟು ಓಡಿಬರ್ಬೇಡ. ಕೂತು, ಏನಂತಾರೆ ಕೇಳು."

ನಾಲ್ಕು ಬಾಗಿಲು ತಟ್ಟಿದೆ. ನಾಲ್ವರೂ ಒಪ್ಪಿದರು. ಐದನೆಯದು ಮೊರಿ ಸೆನ್ಸೇ ಅವರದು. ನನ್ನ ಪ್ರಬಂಧವನ್ನು ಪುಟಪುಟಕ್ಕೂ ಕೆಂಪು ಗೀಚಿ ಹಿಂದಿರುಗಿಸಿದ್ದ ಮೇಷ್ಟ್ರು. ಮುಖ ನೋಡಿದರೇ ನನ್ನ ಹರಕು ಜಪಾನಿ ಮರೆತೇಹೋಗುತ್ತಿತ್ತು. ಸಭೆಯಲ್ಲಿ ಬಾಯೇ ಬಿಡದ ಮನುಷ್ಯ, ನಾಲ್ವರು ಹೂಂ ಅಂದಾಯ್ತಲ್ಲ, ಇವರೊಬ್ಬರು ಏನು ಮಾಡಿಯಾರು ಎಂದು ಬಾಗಿಲ ತನಕ ಹೋದವಳು ವಾಪಸಾದೆ. ಮನೆಗೆ ಬಂದು ಐದನೆಯ ಪೊಟ್ಟಣದ ಕೋಡುಬಳೆಯನ್ನು ಟೀ ಜೊತೆ ನಾನೇ ತಿಂದೆ. ಫೋನಿನಲ್ಲಿ ಮೇಡಂಗೆ ಹೇಳಿದೆ: "ಎಲ್ಲಾರೂ ಒಪ್ಪಿದಾರೆ ಮೇಡಂ. ಆರಾಮಾಗಿರಿ."

ಸಭೆಯ ದಿನ ಮೇಡಂ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದರು. ಟಿಪ್ಪಣಿ ಬರೆದುಕೊಳ್ಳಲು ನಾನು ಹಿಂದೆ ಕೂತಿದ್ದೆ. "ಐದೂ ಜನ ಒಪ್ಪಿದ್ದಾರೆ" ಎಂದು ಅವರು ಹೇಳಿ ಮುಗಿಸಿದರು. ಮೊರಿ ಸೆನ್ಸೇ ಮೆಲ್ಲಗೆ ತಲೆಯೆತ್ತಿದರು. "ಸುಮಿಮಾಸೆನ್, ಕ್ಷಮಿಸಿ. ಈ ಕಾಗದ ನಾನು ನೋಡುತ್ತಿರುವುದು ಇವತ್ತೇ."

ಮೇಡಂ ಒಮ್ಮೆ ಹಿಂತಿರುಗಿ ನನ್ನನ್ನು ನೋಡಿದರು. ನಾನು ಟಿಪ್ಪಣಿ ಪುಸ್ತಕದ ಕಡೆ ನೋಡಿದೆ. ಕೈ ಎತ್ತಿಸಿ ನಿರ್ಧರಿಸೋಣವೇ ಎಂದು ವಿಭಾಗದ ಮುಖ್ಯಸ್ಥರು ಕೇಳಿದರು. ಬೇಡವೆಂದು ಮೇಡಂ ಎದ್ದು ನಿಂತು, ಆ ನೋವಿನ ಸೊಂಟವನ್ನು ಪೂರ್ತಿ ಬಗ್ಗಿಸಿ ಮೊರಿ ಸೆನ್ಸೇಗೆ ನಮಸ್ಕರಿಸಿದರು. ತಪ್ಪು ತಮ್ಮದು ಎಂದು ಹೇಳಿ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡರು.

ಹೊರಗೆ ಬಂದದ್ದೇ ನಾನು ರೇಗಿದೆ. ತಪ್ಪು ಮಾಡಿದವಳಿಗೇ ಕೋಪ ಜಾಸ್ತಿ ನೋಡಿ. "ಮತಕ್ಕೆ ಹಾಕಿದ್ರೆ ಗೆಲ್ತಿದ್ವಲ್ಲಾ ಮೇಡಂ!"

"ನಾಲ್ಕು ಜನ ಸೇರಿ ಒಬ್ಬರ ಬಾಯಿ ಮುಚ್ಸೋಕೆ ಇಷ್ಟು ವರ್ಷ ಓದಿದ್ನೇನೇ ನಾನು?" ಎಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಾರ್ಚಿನ ಕೊನೆಯಲ್ಲಿ ಎರಡು ಸೂಟ್‌ಕೇಸ್ ಹಿಡಿದು ಮೈಸೂರಿಗೆ ಹೊರಟರು. "ಕುರ್ಚಿ ಇರ್ಲಿ, ನೀನು ನೋಡ್ಕೋ" ಎಂದಷ್ಟೇ ಹೇಳಿದರು.

ಏಪ್ರಿಲಿನಲ್ಲಿ ಒಂದು ಮಧ್ಯಾಹ್ನ ನಾನು ಆ ಕೋಣೆಯ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಬಾಗಿಲಲ್ಲಿ ಮೊರಿ ಸೆನ್ಸೇ. ಖಾಲಿ ಕುರ್ಚಿಯನ್ನು ಸ್ವಲ್ಪ ಹೊತ್ತು ನೋಡಿದರು. ನನಗೆ ಅರ್ಥವಾಗಲೆಂದು ಜಪಾನಿಯನ್ನು ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರು: "ಕೇಳಿದ್ದರೆ ನಾನು ಒಪ್ಪುತ್ತಿದ್ದೆ. ಒಂದೇ ಒಂದು ಪ್ರಶ್ನೆ ಇತ್ತು." ಸುಮಿಮಾಸೆನ್, ಸುಮಿಮಾಸೆನ್ ಎಂದು ಎಷ್ಟು ಸಲ ಬಗ್ಗಿದೆನೋ. ನೆಟ್ಟಗಾಗುವ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರು.

ಸಂಜೆ ಮೈಸೂರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ; ಬಾಗಿಲಿಂದ ವಾಪಸಾದದ್ದು, ಕೋಡುಬಳೆ ತಿಂದದ್ದು, ಮೊರಿ ಸೆನ್ಸೇ ಹೇಳಿದ್ದು. ಅಳುತ್ತಲೇ ಹೇಳಿದೆ.

ಮೇಡಂ ಕೇಳಿದರು: "ಅವರ ಪ್ರಶ್ನೆ ಏನಂತೆ?"

ನಾನು ಅದನ್ನೂ ಕೇಳಿರಲಿಲ್ಲ.